ಅಂಗಿಯೊಳಗಿನ ಕಡಲಕಳೆಯ ಲೆಕ್ಕ ಕೊಡಿ

ಇವರಿಗೆ,
ಕಡಲಕಳೆಯಿಂದ ನಾರು ತೆಗೆಯುವ ಕಾರ್ಖಾನೆಗಳ ಮತ್ತು ಆ ನಾರಿನ ಬಟ್ಟೆ ಮಾರುವ ಕಂಪನಿಗಳ ಮುಖ್ಯಸ್ಥರಿಗೆ,
ಬಟ್ಟೆಯ ಚೀಟಿಯಲ್ಲಿ ಏನು ಬರೆಯಬೇಕೆಂದು ನಿಯಮ ಮಾಡುವ ಅಧಿಕಾರಿಗಳಿಗೆ

ಮಾನ್ಯರೇ,

ನಮಸ್ಕಾರ. ಈ ಪತ್ರ ಬರೆಯಲು ಕಾರಣ ಒಂದು ಟೀ ಶರ್ಟ್. ನನ್ನ ಗೆಳತಿ ಅದನ್ನು ಕೊಂಡು ತಂದು ಖುಷಿಯಿಂದ ನನ್ನ ಮುಂದೆ ಹಿಡಿದಳು. "ನೋಡು, ನಿನ್ನ ಕಡಲಕಳೆ ಕೊನೆಗೂ ಅಂಗಡಿಗೆ ಬಂತು" ಎಂದಳು. ಜೋತುಬಿಟ್ಟಿದ್ದ ರಟ್ಟಿನ ಚೀಟಿಯ ಮೇಲೆ ನೀಲಿ ಅಲೆ, ಅಲೆಯ ಮೇಲೆ ಹಸಿರು ಎಲೆ, ಕೆಳಗೆ ದಪ್ಪ ಅಕ್ಷರದಲ್ಲಿ 'ಕಡಲಕಳೆಯಿಂದ ಮಾಡಿದ ಬಟ್ಟೆ'. ನಾನು ರೂಢಿಯಂತೆ ಅಂಗಿಯನ್ನು ಮಗುಚಿ, ಒಳಹೊಲಿಗೆಯಲ್ಲಿದ್ದ ಸಣ್ಣ ಚೀಟಿ ಓದಿದೆ. ಹತ್ತಿ ಶೇ. 70, ಲಯೋಸೆಲ್ ಶೇ. 25, ಎಲಾಸ್ಟೇನ್ ಶೇ. 5. ಕಡಲಕಳೆ ಎಂಬ ಮಾತೇ ಅಲ್ಲಿರಲಿಲ್ಲ.

ಎಲಾಸ್ಟೇನ್ ಅಂದರೆ ರಬ್ಬರಿನಂತೆ ಹಿಗ್ಗುವ ಕೃತಕ ನಾರು. ಲಯೋಸೆಲ್ ಅಂದರೆ ಮರದ ತಿರುಳಿನಿಂದ ತೆಗೆದ ನಾರು. ಅದನ್ನು ಮಾಡುವಾಗ ಕಡಲಕಳೆಯ ಪುಡಿಯನ್ನು ಒಂದಿಷ್ಟು ಬೆರೆಸುವ ವಿಧಾನ ಇದೆ. ಬೆರೆಸುವುದು ಸಾಮಾನ್ಯವಾಗಿ ಶೇ. 5ರ ಆಸುಪಾಸು. ಈಗ ಲೆಕ್ಕ ಹಾಕಿ. ಅಂಗಿಯ ಕಾಲು ಭಾಗ ಈ ನಾರು, ಅದರಲ್ಲಿ ಇಪ್ಪತ್ತನೇ ಒಂದು ಪಾಲು ಕಡಲಕಳೆ. ಅಂದರೆ ಒಟ್ಟು ಅಂಗಿಯಲ್ಲಿ ಶೇ. 1.25. ಅಂಗಿ 160 ಗ್ರಾಂ ಇದ್ದರೆ ಕಡಲಕಳೆ 2 ಗ್ರಾಂ. ಆ ರಟ್ಟಿನ ಚೀಟಿಯೇ ಅದಕ್ಕಿಂತ ಭಾರ ಇತ್ತು!

ನಾನು ಯಾರು ಎಂದು ಹೇಳಿಬಿಡುತ್ತೇನೆ. ಕೆಲವು ವರ್ಷ ನಾನು ನಾರು ತೆಗೆಯುವ ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡಿದ್ದೇನೆ. ವಿಜ್ಞಾನಿ ಅಲ್ಲ. ದ್ರಾವಣ ಕಲಸುವುದು, ಪಂಪು ನೋಡಿಕೊಳ್ಳುವುದು, ತೂತು ಕಟ್ಟಿಕೊಂಡರೆ ಬಿಡಿಸುವುದು, ಎಳೆ ಕಡಿದರೆ ಮತ್ತೆ ಹಿಡಿದು ಸುತ್ತುವುದು ನನ್ನ ಕೆಲಸ. ಹಾಗಾಗಿ ಈ ವಸ್ತುವಿನ ಮೇಲೆ ನನಗೆ ಪ್ರೀತಿ ಜಾಸ್ತಿ. ದೂರು ಹೇಳುತ್ತಿರುವುದೂ ಆ ಪ್ರೀತಿಯಿಂದಲೇ.

ಟೀ ಶರ್ಟ್ ಮಾರಿದ ಕಂಪನಿಗೆ ನಾನು ಕಾಗದ ಬರೆದೆ. ಹೆಸರು ಇಲ್ಲಿ ಬೇಡ. ಐದು ಪ್ರಶ್ನೆ ಕೇಳಿದ್ದೆ. ಯಾವ ಕಡಲಕಳೆ? ಬೆಳೆಸಿದ್ದೋ, ಕಡಲಿನಿಂದ ಕಿತ್ತದ್ದೋ? ಅಂಗಿಯಲ್ಲಿ ಎಷ್ಟು ಗ್ರಾಂ ಇದೆ? ನಾರು ಮಾಡುವಾಗ ಏನೇನು ರಾಸಾಯನಿಕ ಬಳಸಿದ್ದೀರಿ? ಎಷ್ಟು ನೀರು ಹೋಯಿತು? ಮೂರು ವಾರದ ಮೇಲೆ ಉತ್ತರ ಬಂತು. ಬಣ್ಣಬಣ್ಣದ ನಾಲ್ಕು ಪುಟ. ಮೊದಲ ಪುಟದಲ್ಲಿ ಕಡಲ ಚಿತ್ರ, ಎರಡನೆಯದರಲ್ಲಿ ಮಗುವಿನ ಚಿತ್ರ. ಕಡಲಕಳೆ ದಿನಕ್ಕೆ 60 ಸೆಂಟಿಮೀಟರ್ ಬೆಳೆಯುತ್ತದೆ, ಗೊಬ್ಬರ ಬೇಡ, ಸಿಹಿನೀರು ಬೇಡ, ಚರ್ಮಕ್ಕೆ ಖನಿಜ ಕೊಡುತ್ತದೆ ಎಂದೆಲ್ಲ ಬರೆದಿತ್ತು. ನನ್ನ ಐದರಲ್ಲಿ ಒಂದು ಪ್ರಶ್ನೆಗೂ ಉತ್ತರ ಇರಲಿಲ್ಲ.

ಆ 60 ಸೆಂಟಿಮೀಟರ್ ಮಾತನ್ನೇ ತೆಗೆದುಕೊಳ್ಳಿ. ಸುಳ್ಳಲ್ಲ. ಮ್ಯಾಕ್ರೊಸಿಸ್ಟಿಸ್ ಎಂಬ ದೈತ್ಯ ಕೆಲ್ಪ್ (ಕೆಲ್ಪ್ ಅಂದರೆ ದೊಡ್ಡ ಕಂದು ಕಡಲಕಳೆ) ಅನುಕೂಲದ ದಿನಗಳಲ್ಲಿ ಅಷ್ಟು ಬೆಳೆಯಬಲ್ಲದು. ಆದರೆ ಲಯೋಸೆಲ್‌ಗೆ ಪುಡಿ ಮಾಡಿ ಹಾಕಲು ಹೆಸರಾಗಿರುವುದು ಅದಲ್ಲ, ಆಸ್ಕೋಫಿಲ್ಲಮ್ ನೊಡೋಸಮ್ ಎಂಬ ಬೇರೆಯೇ ಕಳೆ. ಉತ್ತರ ಅಟ್ಲಾಂಟಿಕ್‌ನ ಬಂಡೆಗಳಿಗೆ ಅಂಟಿಕೊಂಡು ಬೆಳೆಯುವ, ನಿಧಾನದ ಜೀವ ಅದು. ಅದರ ಕಾಂಡದಲ್ಲಿ ಗಾಳಿ ತುಂಬಿದ ಗುಳ್ಳೆಗಳು ಇರುತ್ತವೆ. ವರ್ಷಕ್ಕೆ ಒಂದೇ ಗುಳ್ಳೆ. ಗುಳ್ಳೆ ಎಣಿಸಿ ವಯಸ್ಸು ಅಂದಾಜು ಮಾಡಬಹುದು. ಓಡುವವನ ಕಾಲು ತೋರಿಸಿ ನಡೆಯುವವನನ್ನು ಮಾರಿದ ಹಾಗಾಯಿತು ಇದು.

ಇಷ್ಟಾದ ಮೇಲೆ ನಾನು ಒಂದು ಕೆಲಸ ಮಾಡಿದೆ. ಗೆಳತಿಯ ಒಪ್ಪಿಗೆ ಪಡೆದು ಅಂಗಿಯ ಒಳಅಂಚಿನಿಂದ ಉಗುರಗಲದ ಚೂರು ಕತ್ತರಿಸಿದೆ. ನನ್ನ ಬಳಿ ಹಳೆಯ ದಿನಗಳ ಆಲ್ಜಿನೇಟ್ ಎಳೆಯ ಒಂದು ಸಣ್ಣ ಉಂಡೆ ಇತ್ತು. ಅದು ಪೂರ್ತಿ ಕಡಲಕಳೆಯದು, ನಾನೇ ತೆಗೆದದ್ದು. ಎರಡು ಗಾಜಿನ ಲೋಟದಲ್ಲಿ ಬೆಚ್ಚಗಿನ ನೀರು, ಎರಡಕ್ಕೂ ಒಂದಿಷ್ಟು ವಾಷಿಂಗ್ ಸೋಡಾ. ಒಂದರಲ್ಲಿ ಎಳೆ, ಇನ್ನೊಂದರಲ್ಲಿ ಚೂರು. ನನ್ನ ಎಳೆ ಮೊದಲು ಉಬ್ಬಿತು, ಲೋಳೆಯಾಯಿತು, ಆಮೇಲೆ ಕಾಣದಾಯಿತು. ನೀರು ಸ್ವಲ್ಪ ಮಸುಕಾದದ್ದು ಬಿಟ್ಟರೆ ಗುರುತೇ ಉಳಿಯಲಿಲ್ಲ. ಅಂಗಿಯ ಚೂರು ಹಾಕಿದ ಹಾಗೇ ಇತ್ತು. ಅದರಲ್ಲಿ ಕಡಲಕಳೆ ಇಲ್ಲವೇ ಇಲ್ಲ ಎಂದು ಇದರಿಂದ ಹೇಳಲು ಆಗುವುದಿಲ್ಲ. ಪುಡಿ ಮರದ ನಾರಿನೊಳಗೆ ಸಿಕ್ಕಿಕೊಂಡಿರುತ್ತದೆ, ಸೋಡಾ ಅದನ್ನು ಹೊರಗೆ ಎಳೆಯಲಾರದು. ಆದರೆ ಒಂದು ಮಾತು ಖಚಿತ. ಇವು ಎರಡೂ ಒಂದೇ ವಸ್ತುವಲ್ಲ. ಒಂದೇ ಹೆಸರಿನಲ್ಲಿ ಮಾರುವುದು ಸರಿಯಲ್ಲ.

ಹಾಗಾದರೆ ನಿಜವಾದ ಕಡಲಕಳೆ ನಾರು ಯಾವುದು? ಸ್ವಲ್ಪ ವಿವರವಾಗಿ ಹೇಳುತ್ತೇನೆ. ಇದನ್ನು ಓದುವ ಸಾರ್ವಜನಿಕರಿಗೂ ಗೊತ್ತಿರಲಿ.

ಕಂದು ಬಣ್ಣದ ಕಡಲಕಳೆಗಳ ಜೀವಕೋಶದ ಗೋಡೆಯಲ್ಲಿ ಆಲ್ಜಿನಿಕ್ ಆಮ್ಲ ಎಂಬ ವಸ್ತು ಇದೆ. ಅಲೆ ಹೊಡೆದಾಗ ಮುರಿಯದೆ ಬಾಗುವ ಗುಣ ಕಳೆಗೆ ಬರುವುದು ಇದರಿಂದ. 1880ರ ದಶಕದಲ್ಲಿ ಇ.ಸಿ.ಸಿ. ಸ್ಟ್ಯಾನ್‌ಫರ್ಡ್ ಎಂಬ ರಸಾಯನ ತಜ್ಞ ಸ್ಕಾಟ್ಲೆಂಡಿನಲ್ಲಿ ಇದನ್ನು ಮೊದಲು ಬೇರ್ಪಡಿಸಿದರು. ಇದರ ಲವಣಗಳಿಗೇ ಆಲ್ಜಿನೇಟ್ ಎಂದು ಹೆಸರು. ಇದರ ಸೋಡಿಯಂ ರೂಪ ನೀರಿನಲ್ಲಿ ಕರಗಿ ಅಂಟಂಟಾಗುತ್ತದೆ. ಕ್ಯಾಲ್ಸಿಯಂ ರೂಪ ನೀರಿನಲ್ಲಿ ಕರಗುವುದಿಲ್ಲ. ನಾರು ತೆಗೆಯುವ ಗುಟ್ಟು ಇಷ್ಟೇ. ಸೋಡಿಯಂ ಆಲ್ಜಿನೇಟಿನ ದಪ್ಪ ದ್ರಾವಣವನ್ನು ಸೂಜಿಮೊನೆಗಿಂತ ಸಣ್ಣ ತೂತುಗಳ ಮೂಲಕ ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸಿದ ನೀರಿನೊಳಗೆ ತಳ್ಳಬೇಕು. ತೂತಿನಿಂದ ಹೊರಬಂದ ಕ್ಷಣಕ್ಕೆ ಅದು ಎಳೆಯಾಗುತ್ತದೆ. ಕಣ್ಣೆದುರೇ! ಕ್ಯಾಲ್ಸಿಯಂ ಅಯಾನುಗಳು ಆಲ್ಜಿನೇಟಿನ ಉದ್ದ ಅಣುಸರಪಳಿಗಳ ನಡುವೆ ಕೂತು, ಮೊಟ್ಟೆ ಇಡುವ ತಟ್ಟೆಯಲ್ಲಿ ಮೊಟ್ಟೆ ಕೂತ ಹಾಗೆ, ಎರಡು ಸರಪಳಿಗಳನ್ನು ಹಿಡಿದುಕೊಳ್ಳುತ್ತವೆ. ವಿಜ್ಞಾನಿಗಳು ಈ ಜೋಡಣೆಯನ್ನು ಮೊಟ್ಟೆತಟ್ಟೆ ಮಾದರಿ ಎಂದೇ ಕರೆಯುತ್ತಾರೆ.

ಎಳೆ ತೆಗೆಯುವ ಕೋಣೆಯಲ್ಲಿ ನನಗೆ ಬಹಳ ಇಷ್ಟವಾದದ್ದು ವಾಸನೆ ಇಲ್ಲದಿರುವುದು. ಮರದ ತಿರುಳಿನಿಂದಲೇ ಮಾಡುವ ಇನ್ನೊಂದು ನಾರು ವಿಸ್ಕೋಸ್ ರೇಯಾನ್. ಅದನ್ನು ಮಾಡಲು ಕಾರ್ಬನ್ ಡೈಸಲ್ಫೈಡ್ ಎಂಬ ದ್ರವ ಬೇಕು. ಅದು ನರಗಳಿಗೆ ವಿಷ. ಆ ಕಾರ್ಖಾನೆಗಳ ಕೆಲಸಗಾರರು ಅದರಿಂದ ಪಟ್ಟ ಪಾಡು ದೊಡ್ಡ ಚರಿತ್ರೆ. ಆಲ್ಜಿನೇಟ್ ಕೋಣೆಯಲ್ಲಿ ಇರುವುದು ನೀರು, ಉಪ್ಪಿನಂಥ ಒಂದು ಲವಣ, ಅಷ್ಟೇ. ಕೈ ಅದ್ದಿದರೆ ಜಾರುತ್ತದೆ, ಸುಡುವುದಿಲ್ಲ. ಲಯೋಸೆಲ್ ಕೂಡ ವಿಸ್ಕೋಸ್‌ಗಿಂತ ಎಷ್ಟೋ ವಾಸಿ, ಅದರ ದ್ರಾವಕವನ್ನು ಶೇ. 99ಕ್ಕಿಂತ ಹೆಚ್ಚು ಮರಳಿ ಪಡೆದು ಮತ್ತೆ ಬಳಸುತ್ತಾರೆ. ಹಾಗಾಗಿ ಲಯೋಸೆಲ್ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಲಯೋಸೆಲ್ ಅನ್ನು ಲಯೋಸೆಲ್ ಎಂದೇ ಮಾರಿ ಎನ್ನುತ್ತಿದ್ದೇನೆ.

ಇನ್ನು ನಿಮ್ಮ 'ಪರಿಸರಸ್ನೇಹಿ' ಎಂಬ ಪದಕ್ಕೆ ಬರುತ್ತೇನೆ. ಕನ್ನಡದಲ್ಲಿ ಕಳೆ ಅಂದರೆ ಬೇಡದ ಗಿಡ, ಮುಖದ ಹೊಳಪೂ ಹೌದು, ಲೆಕ್ಕದಲ್ಲಿ ತೆಗೆದುಹಾಕುವುದೂ ಹೌದು. ಕಡಲಕಳೆಯ ಹೊಳಪನ್ನು ನೀವು ಚೆನ್ನಾಗಿ ತೋರಿಸುತ್ತೀರಿ. ಯಾವುದನ್ನು ಕಳೆಯಬೇಕು ಎಂಬ ಲೆಕ್ಕ ಮಾತ್ರ ಬಚ್ಚಿಟ್ಟಿದ್ದೀರಿ. ಗಿಡ ಹಸಿರಾಗಿದ್ದರೆ ಬಟ್ಟೆ ಹಸಿರಾಗುವುದಿಲ್ಲ. ಗಿಡದಿಂದ ಬಟ್ಟೆಯವರೆಗಿನ ದಾರಿ ಹಸಿರಾಗಿರಬೇಕು.

ಆ ದಾರಿ ಶುರುವಾಗುವುದು ಕೊಯ್ಲಿನಲ್ಲಿ. ಜಗತ್ತಿನ ಕಡಲಕಳೆಯಲ್ಲಿ ಶೇ. 97ರಷ್ಟು ಹಗ್ಗ, ಬಲೆಗಳ ಮೇಲೆ ಬೆಳೆಸಿದ್ದು. ಆದರೆ ಆಲ್ಜಿನೇಟ್ ಉದ್ಯಮ ಬಳಸುವುದರಲ್ಲಿ ಕಾಡು ಕಳೆಯ ಪಾಲು ದೊಡ್ಡದು. ನಾರ್ವೆಯ ತೀರದಲ್ಲಿ ಲ್ಯಾಮಿನೇರಿಯಾ ಹೈಪರ್‌ಬೋರಿಯಾ ಎಂಬ ಕೆಲ್ಪ್ ಕಾಡನ್ನು ದೋಣಿಗೆ ಕಟ್ಟಿದ ಹಲ್ಲುಗಳ ಬಲೆಯಿಂದ ಎಳೆದು ಕೀಳುತ್ತಾರೆ. ಒಂದು ಪಟ್ಟಿಯನ್ನು ಕೊಯ್ದ ಮೇಲೆ ಸುಮಾರು ಐದು ವರ್ಷ ಬಿಟ್ಟು ಮತ್ತೆ ಅಲ್ಲಿಗೆ ಬರುವ ಪದ್ಧತಿ ಇದೆ. ಅಷ್ಟರಲ್ಲಿ ಕಳೆ ಎತ್ತರಕ್ಕೆ ಬಂದಿರುತ್ತದೆ. ಆದರೆ ಅದರ ಕಾಂಡಕ್ಕೆ ಅಂಟಿಕೊಂಡು ಬದುಕುವ ಸಣ್ಣ ಪಾಚಿ, ಹುಳ, ಸಿಗಡಿಯಂಥ ಜೀವಿಗಳ ಸಂಸಾರ ಪೂರ್ತಿ ಮರಳಲು ಇನ್ನೂ ಸಮಯ ಬೇಕು. ಮೀನಿನ ಮರಿಗಳು ಬೆಳೆಯುವುದೂ ಆ ಕಾಡಿನಲ್ಲೇ. ಬೆಳೆಸಿದ ಕಳೆ ಎಂದ ಮಾತ್ರಕ್ಕೆ ಎಲ್ಲವೂ ಸರಿ ಎಂದಲ್ಲ. ಹಗ್ಗ ಸಾಮಾನ್ಯವಾಗಿ ಪ್ಲಾಸ್ಟಿಕ್. ಹರಿದ ಹಗ್ಗ ಎಲ್ಲಿ ಹೋಗುತ್ತದೆ ಎಂದು ಯಾರಾದರೂ ಚೀಟಿಯಲ್ಲಿ ಬರೆದದ್ದನ್ನು ನಾನು ನೋಡಿಲ್ಲ.

ಆಮೇಲೆ ಒಣಗಿಸುವುದು. 100 ಕಿಲೋ ಹಸಿ ಕಳೆಯಲ್ಲಿ 85ಕ್ಕಿಂತ ಹೆಚ್ಚು ಕಿಲೋ ಬರೀ ನೀರು. ಒಣಗಿದ ಮೇಲೆ ಉಳಿಯುವುದು 12 ಕಿಲೋ ಎಂದಿಟ್ಟುಕೊಳ್ಳಿ. ಅದರಲ್ಲಿ ಆಲ್ಜಿನೇಟ್ 3ರಿಂದ 4 ಕಿಲೋ. ಬಿಸಿಲಿನಲ್ಲಿ ಒಣಗಿಸಿದರೆ ಒಂದು ಲೆಕ್ಕ, ಎಣ್ಣೆ ಸುಟ್ಟು ಒಣಗಿಸಿದರೆ ಬೇರೆಯೇ ಲೆಕ್ಕ. ಅಂಗಿಯ ಮೇಲೆ ಎರಡಕ್ಕೂ ಅದೇ ಹಸಿರು ಎಲೆ.

ಅಸಲು ಕಥೆ ಇರುವುದು ಆಲ್ಜಿನೇಟನ್ನು ಹೊರತೆಗೆಯುವ ಹಂತದಲ್ಲಿ. ಎಳೆ ತೆಗೆಯುವ ಕೋಣೆಯಲ್ಲಿ ವಾಸನೆ ಇರಲಿಲ್ಲ ಎಂದೆನಲ್ಲ, ಅದಕ್ಕೆ ಒಂದು ಕಾರಣ ವಾಸನೆಯ ಕೆಲಸವೆಲ್ಲ ಬೇರೆಲ್ಲೋ ಮುಗಿದು, ಬಿಳಿ ಪುಡಿ ಮೂಟೆಯಲ್ಲಿ ಬರುತ್ತಿತ್ತು. ಇದು ನನಗೆ ಹೊಳೆದದ್ದು ತಡವಾಗಿ. ರೂಢಿಯ ವಿಧಾನದಲ್ಲಿ ಕಳೆಯನ್ನು ಮೊದಲು ದುರ್ಬಲ ಆಮ್ಲದಲ್ಲಿ ನೆನೆಸುತ್ತಾರೆ. ಎಷ್ಟೋ ಕಡೆ ಫಾರ್ಮಾಲ್ಡಿಹೈಡ್ ಕೂಡ ಹಾಕುತ್ತಾರೆ. ಕಳೆಯೊಳಗಿನ ಕಂದು ಬಣ್ಣದ ಫಿನಾಲ್‌ಗಳು ದ್ರಾವಣಕ್ಕೆ ಇಳಿಯದಿರಲಿ ಎಂದು. ಫಾರ್ಮಾಲ್ಡಿಹೈಡ್ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿದೆ. ಆಮೇಲೆ ಬಿಸಿ ಸೋಡಾ ನೀರಿನಲ್ಲಿ ಕರಗಿಸುತ್ತಾರೆ. ಆ ಗಂಜಿ ಎಷ್ಟು ಅಂಟೆಂದರೆ ಸೋಸುವುದಕ್ಕೇ ಬರುವುದಿಲ್ಲ. ಹಾಗಾಗಿ ನೀರು ಸುರಿಯುತ್ತಾರೆ, ಮತ್ತೆ ಸುರಿಯುತ್ತಾರೆ. ಕಳೆ ಬೆಳೆಯಲು ಸಿಹಿನೀರು ಬೇಡ ಎಂಬುದು ನಿಜ. ಉಳಿಸಿದ ಆ ನೀರಿನ ಒಂದು ಪಾಲು ಇಲ್ಲಿ ಖರ್ಚಾಗುತ್ತದೆ ಎಂಬುದೂ ನಿಜ, ಅಲ್ವಾ? ಬಿಳಿ ಮಾಡಲು ಬ್ಲೀಚ್. ಆಲ್ಜಿನೇಟನ್ನು ಗಟ್ಟಿಯಾಗಿ ಬೇರ್ಪಡಿಸಲು ಮತ್ತೆ ಕ್ಯಾಲ್ಸಿಯಂ, ಮತ್ತೆ ಆಮ್ಲ. ಕೊನೆಗೆ ಉಳಿಯುವ ಚರಟದಲ್ಲಿ ಸೆಲ್ಯುಲೋಸ್, ಪ್ರೋಟೀನು ಇರುತ್ತವೆ. ಕಂದು ಕಳೆ ಕಡಲಿನಿಂದ ಆರ್ಸೆನಿಕ್ ಹೀರಿಕೊಳ್ಳುವ ಜಾತಿ, ಅದರ ಅಂಶವೂ ಚರಟ ಮತ್ತು ತೊಳೆದ ನೀರಿಗೆ ಹೋಗಬಹುದು.

ಇದೆಲ್ಲಕ್ಕೂ ಪರಿಹಾರ ಇಲ್ಲವೆಂದಲ್ಲ. ಫಾರ್ಮಾಲ್ಡಿಹೈಡ್ ಬಿಟ್ಟು ಕೆಲಸ ಮಾಡಬಹುದು, ಬಣ್ಣ ಸ್ವಲ್ಪ ಕಂದಾಗುತ್ತದೆ ಅಷ್ಟೇ. ನನ್ನನ್ನು ಕೇಳಿದರೆ ಆ ಕಂದು ಎಳೆ ಬಿಳಿ ಎಳೆಗಿಂತ ಚೆನ್ನ. ಕೋಶದ ಗೋಡೆ ಸಡಿಲಿಸಲು ಕಿಣ್ವಗಳನ್ನು, ಅಲ್ಟ್ರಾಸೌಂಡನ್ನು ಬಳಸಿ ನೋಡಿದವರಿದ್ದಾರೆ. ಕಳೆಯನ್ನು ಒಣಗಿಸದೆ ಹಸಿಯಾಗಿಯೇ ತೆಗೆದುಕೊಂಡರೆ ಇಂಧನ ಉಳಿಯುತ್ತದೆ. ಆಲ್ಜಿನೇಟಿಗೆ ಮೊದಲು ಕಳೆಯಲ್ಲಿರುವ ಫ್ಯೂಕಾಯ್ಡನ್, ಮ್ಯಾನಿಟಾಲ್ ಮುಂತಾದ ಸಕ್ಕರೆ ಜಾತಿಯ ವಸ್ತುಗಳನ್ನು ತೆಗೆದುಕೊಂಡು, ಕೊನೆಗೆ ಚರಟದ ಸೆಲ್ಯುಲೋಸನ್ನೂ ಬಳಸಿದರೆ ಎಸೆಯುವುದು ಕಡಿಮೆಯಾಗುತ್ತದೆ. ಕ್ಯಾಲ್ಸಿಯಂ ತೊಟ್ಟಿಯ ನೀರನ್ನು ಚೆಲ್ಲದೆ ಸೋಸಿ ತಿರುಗಿಸಬಹುದು. ನಾವು ಪ್ರಯೋಗಾಲಯದ ಇನ್ನೊಂದು ಕೋಣೆಯಲ್ಲಿ ಒದ್ದೆ ಎಳೆಗಳು ಒಂದಕ್ಕೊಂದು ಅಂಟದಿರಲಿ ಎಂದು ಅಸಿಟೋನಿನಲ್ಲಿ ಅದ್ದಿ ಒಣಗಿಸುತ್ತಿದ್ದೆವು. ಅದು ಹಸಿರು ಕೆಲಸವಲ್ಲ, ಒಪ್ಪಿಕೊಳ್ಳುತ್ತೇನೆ. ಇಂಥ ತಪ್ಪುಗಳನ್ನು ತಿದ್ದಿಕೊಂಡವರು ಯಾರು, ತಿದ್ದಿಕೊಳ್ಳದವರು ಯಾರು ಎಂದು ಕೊಳ್ಳುವವರಿಗೆ ತಿಳಿಯುವ ದಾರಿಯೇ ಇಲ್ಲ. ಇದು ನನ್ನ ಮುಖ್ಯ ದೂರು. ಕಷ್ಟಪಟ್ಟು ಫಾರ್ಮಾಲ್ಡಿಹೈಡ್ ಬಿಟ್ಟವನೂ, ಎರಡು ಗ್ರಾಂ ಪುಡಿ ಉದುರಿಸಿದವನೂ ಒಂದೇ ಎಲೆಯ ಚಿತ್ರ ಹಾಕಿಕೊಂಡರೆ, ಕಷ್ಟಪಟ್ಟವನು ಮುಂದಿನ ವರ್ಷ ಯಾಕೆ ಕಷ್ಟಪಡಬೇಕು?

ಸೋಡಾ ನೀರಿನಲ್ಲಿ ನನ್ನ ಎಳೆ ಕರಗಿದ ವಿಷಯಕ್ಕೆ ಮತ್ತೆ ಬರಬೇಕು. ಈ ನಾರಿನ ದೊಡ್ಡ ದೌರ್ಬಲ್ಯ ಅದೇ, ಅದನ್ನು ನೀವು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಎಳೆಯನ್ನು ಹಿಡಿದಿಟ್ಟಿರುವುದು ಕ್ಯಾಲ್ಸಿಯಂ. ಸೋಪು, ಸೋಡಾ, ಡಿಟರ್ಜೆಂಟಿನಲ್ಲಿರುವ ಫಾಸ್ಫೇಟು, ಸಿಟ್ರೇಟು ಆ ಕ್ಯಾಲ್ಸಿಯಂ ಅನ್ನು ಕಿತ್ತುಕೊಳ್ಳುತ್ತವೆ. ಬೆವರಿನ ಉಪ್ಪೂ ಸುಮ್ನೆ ಇರುವುದಿಲ್ಲ. ಹತ್ತಿಗೆ ಬಣ್ಣ ಹಾಕುವ ತೊಟ್ಟಿಯಲ್ಲಿ ಉಪ್ಪು, ಸೋಡಾ ಎರಡೂ ಧಾರಾಳ. ಅಲ್ಲಿಗೆ ಈ ನಾರನ್ನು ಹಾಗೇ ಇಳಿಸಿದರೆ ಮೇಲೆ ಬರುವುದು ಕಷ್ಟ. ಒದ್ದೆಯಾದಾಗ ಶಕ್ತಿ ಬಹಳ ಕುಗ್ಗುತ್ತದೆ.

ಇದು ಹೊಸ ಸಂಗತಿಯೇನಲ್ಲ. 1940ರ ದಶಕದಲ್ಲಿ ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದ ಜೆ.ಬಿ. ಸ್ಪೀಕ್‌ಮನ್ ಮತ್ತು ಎನ್.ಎಚ್. ಚೇಂಬರ್ಲೇನ್ ಆಲ್ಜಿನೇಟ್ ರೇಯಾನ್ ಬಗ್ಗೆ ಬರೆದಾಗಲೇ ಈ ಕರಗುವ ತೊಂದರೆ ಗೊತ್ತಿತ್ತು. ಕ್ಯಾಲ್ಸಿಯಂ ಬದಲು ಕ್ರೋಮಿಯಂ, ಬೆರಿಲಿಯಂ ಸೇರಿಸಿದರೆ ಎಳೆ ಸೋಪಿಗೆ ಬಗ್ಗುವುದಿಲ್ಲ ಎಂದೂ ಆ ಕಾಲದಲ್ಲಿ ಕಂಡುಕೊಂಡಿದ್ದರು. ಬೆರಿಲಿಯಂ ಎಂಥ ವಿಷ ಎಂದು ಇಂದು ಎಲ್ಲರಿಗೂ ಗೊತ್ತು. ತೊಳೆಯಲು ಬರುವ ಹಾಗೆ ಮಾಡಲು ಹೋಗಿ ಒಳ್ಳೆಯ ನಾರನ್ನೇ ಕೆಡಿಸುವ ದಾರಿ ಅದು. ಇವತ್ತು ಆ ಜಾಗಕ್ಕೆ ಸರಪಳಿಗಳನ್ನು ಬೆಸೆಯುವ ಗ್ಲುಟರಾಲ್ಡಿಹೈಡ್‌ನಂಥ ವಸ್ತು ಬಂದರೂ ಪ್ರಶ್ನೆ ಅದೇ. ನಿಮ್ಮ ಎಳೆ ನಲವತ್ತು ಸಲ ತೊಳೆದರೂ ಉಳಿಯುತ್ತದೆ ಅಂದರೆ, ಅದಕ್ಕೆ ಏನು ಸೇರಿಸಿದ್ದೀರಿ?

ಹಳಬರು ಇನ್ನೊಂದು ಜಾಣತನವನ್ನೂ ಮಾಡಿದ್ದರು. ಕರಗುವುದನ್ನೇ ಕೆಲಸಕ್ಕೆ ಹಚ್ಚಿದರು. ಕಾಲುಚೀಲಗಳನ್ನು ಯಂತ್ರದಲ್ಲಿ ಒಂದರ ಹಿಂದೆ ಒಂದು ಸಾಲಾಗಿ ಹೆಣೆಯುವಾಗ ನಡುವೆ ಆಲ್ಜಿನೇಟ್ ಎಳೆ ಹಾಕಿದರು. ಆಮೇಲೆ ತೊಳೆದರೆ ಎಳೆ ಮಾಯ, ಚೀಲಗಳು ಬೇರೆ ಬೇರೆ. ಕತ್ತರಿ ಬೇಡ. 1980ರ ದಶಕದಲ್ಲಿ ಗಾಯದ ಪಟ್ಟಿಗಳು ಬಂದವು. ಗಾಯದ ರಸದಲ್ಲಿರುವ ಸೋಡಿಯಂ ಕ್ಯಾಲ್ಸಿಯಂನ ಜಾಗ ಹಿಡಿಯುತ್ತದೆ, ನಾರು ಲೋಳೆಯಾಗಿ ಗಾಯವನ್ನು ತೇವವಾಗಿ ಇಡುತ್ತದೆ, ಪಟ್ಟಿ ಬಿಚ್ಚುವಾಗ ಚರ್ಮ ಕಿತ್ತು ಬರುವುದಿಲ್ಲ. ಅಂಗಿಗೆ ಆಗದ ಗುಣ ಗಾಯಕ್ಕೆ ವರವಾಯಿತು. ಇನ್ನೊಂದು ಗುಣವೂ ಇದೆ. ಈ ನಾರು ಸುಲಭವಾಗಿ ಬೆಂಕಿ ಹಿಡಿಯುವುದಿಲ್ಲ. ಉರಿ ತೆಗೆದರೆ ತಾನೇ ಆರುತ್ತದೆ, ಮೇಲೆ ಯಾವ ರಾಸಾಯನಿಕ ಬಳಿಯುವುದೂ ಬೇಡ. ಅಪರೂಪಕ್ಕೆ ತೊಳೆಯುವ ಪರದೆ, ಗೋಡೆಬಟ್ಟೆ, ಕುರ್ಚಿಯ ಒಳಪದರಕ್ಕೆ ಹೇಳಿ ಮಾಡಿಸಿದ ಹಾಗಿದೆ. ಅದನ್ನು ಬಿಟ್ಟು ದಿನಾ ಒಗೆಯುವ ಟೀ ಶರ್ಟಿನ ಹಿಂದೆ ಎಲ್ಲರೂ ಯಾಕೆ ಬಿದ್ದಿದ್ದೀರಿ ಎಂದು ನನಗೆ ಅರ್ಥವಾಗಿಲ್ಲ. ಟೀ ಶರ್ಟಿನ ಮೇಲೆ ಎಲೆಯ ಚಿತ್ರ ಚೆನ್ನಾಗಿ ಕಾಣುತ್ತದೆ ಎಂಬುದೊಂದೇ ಕಾರಣ ಇರಬೇಕು.

ಚರ್ಮಕ್ಕೆ ಖನಿಜ, ವಿಟಮಿನ್ ಕೊಡುತ್ತದೆ ಎಂಬ ಮಾತನ್ನು ದಯವಿಟ್ಟು ಬಿಟ್ಟುಬಿಡಿ. 2007ರಲ್ಲೇ ಇದರ ಪಾಠ ಆಗಿದೆ. ಒಂದು ಉಡುಪು ಕಂಪನಿ ಹಾಗೆ ಬರೆದು ಮಾರುತ್ತಿದ್ದ ಬಟ್ಟೆಯನ್ನು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಪರೀಕ್ಷೆಗೆ ಕಳಿಸಿತು. ಖನಿಜದ ವಿಷಯದಲ್ಲಿ ಅದಕ್ಕೂ ಮಾಮೂಲಿ ಹತ್ತಿ ಅಂಗಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕಡಲಕಳೆ ಇದ್ದೇ ಇದೆ ಎಂದು ಕಂಪನಿ ವಾದಿಸಿತು. ಆದರೆ ಕೆನಡಾದ ಸ್ಪರ್ಧಾ ನಿಯಂತ್ರಣ ಸಂಸ್ಥೆ ಹೇಳಿದ ಮೇಲೆ ಆರೋಗ್ಯದ ಮಾತುಗಳನ್ನು ಚೀಟಿಯಿಂದ ತೆಗೆಯಬೇಕಾಯಿತು. ಅಷ್ಟು ವರ್ಷದ ಹಿಂದೆ ಬಿದ್ದ ಹಳ್ಳಕ್ಕೆ ಮತ್ತೆ ಹೋಗಿ ಬೀಳುತ್ತಿದ್ದೀರಿ.

'ಹತ್ತಿಯ ಜಾಗಕ್ಕೆ ಕಡಲಕಳೆ' ಎಂಬ ಮಾತೂ ಬೇಡ. 2019ರಲ್ಲಿ ಇಡೀ ಜಗತ್ತಿನ ಕಡಲಕಳೆ ಉತ್ಪಾದನೆ ಹಸಿ ತೂಕದಲ್ಲಿ ಸುಮಾರು 3.5 ಕೋಟಿ ಟನ್. ಅದರಲ್ಲಿ ಕಂದು ಕಳೆ ಹೆಚ್ಚುಕಡಿಮೆ ಅರ್ಧ. ಒಂದು ಎಲೆಯನ್ನೂ ಯಾರೂ ತಿನ್ನದೆ, ಅಷ್ಟನ್ನೂ ಒಣಗಿಸಿ ಆಲ್ಜಿನೇಟ್ ತೆಗೆದರೆ ನನ್ನ ಲೆಕ್ಕಕ್ಕೆ 5ರಿಂದ 7 ಲಕ್ಷ ಟನ್ ಸಿಕ್ಕೀತು. ಜಗತ್ತು ವರ್ಷಕ್ಕೆ ಮಾಡುವ ಜವಳಿ ನಾರು 11 ಕೋಟಿ ಟನ್ನಿಗೂ ಹೆಚ್ಚು. ಅಂದರೆ ಹೆಚ್ಚುಕಡಿಮೆ ಅರ್ಧ ಶೇಕಡಾ! ಇದು ಸಣ್ಣ ಪ್ರಮಾಣದ, ವಿಶೇಷ ಕೆಲಸದ ನಾರು. ಹಾಗೆಂದು ಒಪ್ಪಿಕೊಳ್ಳುವುದರಲ್ಲಿ ಅವಮಾನ ಏನಿದೆ?

ಈಗ ನನ್ನ ಬೇಡಿಕೆ. ಮೊದಲು ಕಂಪನಿಯವರಿಗೆ. ಬಟ್ಟೆಯಲ್ಲಿ ಕಡಲಕಳೆ ಎಷ್ಟಿದೆ ಎಂದು ಒಟ್ಟು ತೂಕದ ಶೇಕಡಾದಲ್ಲಿ, ಎಲೆಯ ಚಿತ್ರ ಇರುವ ಕಡೆಯೇ, ಅದೇ ಗಾತ್ರದ ಅಕ್ಷರದಲ್ಲಿ ಬರೆಯಿರಿ. ಕಳೆಯ ಜಾತಿಯ ಹೆಸರು, ಅದು ಬೆಳೆಸಿದ್ದೋ ಕಾಡಿನದೋ ಎಂಬುದು ಅದರ ಪಕ್ಕದಲ್ಲಿ ಇರಲಿ. ಫಾರ್ಮಾಲ್ಡಿಹೈಡ್ ಬಳಸಿದ್ದೀರೋ ಇಲ್ಲವೋ, ಒಂದು ಕಿಲೋ ನಾರಿಗೆ ಎಷ್ಟು ನೀರು ಹೋಯಿತು, ಚರಟ ಎಲ್ಲಿಗೆ ಹೋಯಿತು, ಇದನ್ನು ಕೇಳಿದವರಿಗೆ ಚಿತ್ರವಿಲ್ಲದ ಒಂದು ಹಾಳೆಯಲ್ಲಿ ಕೊಡಿ. ಒಗೆಯುವ ಸೂಚನೆ ಪ್ರಾಮಾಣಿಕವಾಗಿರಲಿ. ಸೋಡಾ ಹಾಕಬೇಡಿ ಎಂದಿದ್ದರೆ ಹಾಗೇ ಬರೆಯಿರಿ. ಮಣ್ಣಿನಲ್ಲಿ ಕರಗುತ್ತದೆ ಎಂದು ಬರೆಯುವ ಮೊದಲು ಒಳಗಿರುವ ಎಲಾಸ್ಟೇನ್ ಏನಾಗುತ್ತದೆ ಎಂದು ನಿಮ್ಮನ್ನೇ ಕೇಳಿಕೊಳ್ಳಿ.

ನಿಯಮ ಮಾಡುವ ಅಧಿಕಾರಿಗಳೇ, ನಿಮ್ಮ ಕೈಯಲ್ಲಿ ಅರ್ಧ ಕೆಲಸ ಈಗಾಗಲೇ ಆಗಿದೆ. ಯುರೋಪಿಯನ್ ಒಕ್ಕೂಟದ 2011ರ ಜವಳಿ ಹೆಸರುಗಳ ನಿಯಮದಲ್ಲಿ 'ಆಲ್ಜಿನೇಟ್' ಎಂಬುದು ಪ್ರತ್ಯೇಕ ನಾರಿನ ಹೆಸರಾಗಿಯೇ ಇದೆ. ಅದರ 2024ರ ನಿರ್ದೇಶನವೊಂದು ಆಧಾರವಿಲ್ಲದೆ 'ಪರಿಸರಸ್ನೇಹಿ' ಎಂದು ಸುಮ್ಮನೆ ಬರೆಯುವುದನ್ನು ತಡೆಯುತ್ತದೆ, 2026ರ ಸೆಪ್ಟೆಂಬರಿನಿಂದ ಅದರ ಅನ್ವಯ. ಎಲ್ಲ ದೇಶಗಳ ಅಧಿಕಾರಿಗಳೂ ಇದನ್ನು ನೋಡಿ, ಒಂದು ಹೆಜ್ಜೆ ಮುಂದೆ ಹೋಗಿ. ಹೊರಗಿನ ರಟ್ಟಿನ ಚೀಟಿ ಮತ್ತು ಒಳಗಿನ ಹೊಲಿದ ಚೀಟಿ ಬೇರೆ ಬೇರೆ ಕಥೆ ಹೇಳಬಾರದು ಎಂದು ನಿಯಮ ಮಾಡಿ. ಒಳಗೆ ಇಲ್ಲದ ನಾರಿನ ಹೆಸರನ್ನು ಹೊರಗೆ ದಪ್ಪಕ್ಷರದಲ್ಲಿ ಹಾಕಲು ಬಿಡಬೇಡಿ. ಪುಡಿ ಬೆರೆಸಿದ ನಾರಿಗೆ ಎಷ್ಟು ಶೇಕಡಾದ ಮೇಲೆ ಕಡಲಕಳೆಯ ಹೆಸರು ಹಾಕಿಕೊಳ್ಳಬಹುದು ಎಂದು ಒಂದು ಗೆರೆ ಎಳೆಯಿರಿ. ಆ ಗೆರೆ ಎಲ್ಲಿರಬೇಕು ಎಂದು ನನಗಿಂತ ನಿಮಗೆ ಚೆನ್ನಾಗಿ ಗೊತ್ತಿರುತ್ತದೆ. ಎರಡು ಗ್ರಾಂನಲ್ಲಿ ಮಾತ್ರ ಬೇಡ.

ಅಂಗಿಯ ಚೂರಿನಲ್ಲಿ ಅರ್ಧ ಇನ್ನೂ ನನ್ನ ಬಳಿ ಇದೆ. ನನ್ನ ಐದು ಪ್ರಶ್ನೆಗಳ ಪ್ರತಿಯನ್ನು ಈ ಪತ್ರದ ಜೊತೆ ಮತ್ತೊಮ್ಮೆ ಆ ಕಂಪನಿಗೆ ಕಳಿಸುತ್ತಿದ್ದೇನೆ. ಈ ಸಲ ನಾಲ್ಕು ಪುಟ ಬೇಡ, ಐದು ಸಾಲು ಸಾಕು.

ಇಂತಿ,
ಒಂದು ಕಾಲದಲ್ಲಿ ಆಲ್ಜಿನೇಟ್ ಎಳೆ ಸುತ್ತುತ್ತಿದ್ದ ಕೆಲಸಗಾರ